ಹಣಮವ್ವ ಬಸ್ಸಿಗೆ ಉಡಿ ತುಂಬಿದ್ದು

ಮೂವತ್ತೊಂದು ವರ್ಷ ಕೆಂಪು ಬಸ್ಸಿನ ನೌಕರಿ ಮಾಡಿದವನು ನಾನು. ಹೆಸರು ಪಾಂಡುರಂಗ, ಊರು ಜಮಖಂಡಿ. ಮೊದಲು ಕಂಡಕ್ಟರ್, ಆಮೇಲೆ ಕಂಟ್ರೋಲರ್. ಅಂದರೆ ನಿಲ್ದಾಣದ ಕಿಟಕಿಯ ಹಿಂದೆ ಕೂತು ಯಾವ ಬಸ್ಸು ಬಂತು, ಯಾವುದು ಹೋಯಿತು ಎಂದು ಬರೆದುಕೊಂಡು, ಉಳಿದ ಹೊತ್ತಿನಲ್ಲಿ ಜನರ ಮೇಲೆ ರೇಗುವ ಕೆಲಸ. ಎಷ್ಟು ಕಾಗದಗಳಿಗೆ ಸಹಿ ಹಾಕಿದ್ದೇನೋ, ಒಂದೂ ನೆನಪಿಲ್ಲ. ಒಂದೇ ಒಂದು ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ. ಅದರಲ್ಲಿ ‘ಹತ್ತಿದ ಪ್ರಯಾಣಿಕರು’ ಎಂಬಲ್ಲಿ ನಾನು ಸೊನ್ನೆ ಬರೆದಿದ್ದೆ. ಬರೆಯುವಾಗ ನನ್ನ ಕಣ್ಣೆದುರಿಗೆ ಏಳುನೂರು ಜನ ಕುಣಿಯುತ್ತಿದ್ದರು.

ಆ ಸೊನ್ನೆಗೆ ಕಾರಣಳಾದವಳು ಹಣಮವ್ವ. ಹೊಸ ಕುರಿಹಾಳದ ಕುರಿಗಾರರ ಮನೆಯವಳು, ಬೀರೇಶ್ವರನ ಒಕ್ಕಲು. ನಾನು ಅವಳನ್ನು ಮೊದಲು ನೋಡಿದಾಗ ಐವತ್ತು ದಾಟಿತ್ತು. ಎತ್ತರ ನನ್ನ ಕಿಟಕಿಯ ಕಟ್ಟೆಗಿಂತ ಒಂದು ಗೇಣು ಹೆಚ್ಚು, ಅಷ್ಟೇ. ದನಿ ಮಾತ್ರ ಇಡೀ ನಿಲ್ದಾಣಕ್ಕೆ ಸಾಕಾಗುತ್ತಿತ್ತು. ಕೃಷ್ಣೆಯ ಈ ದಂಡೆಯಲ್ಲಿ ನಿಂತು ಕರೆದರೆ ಆ ದಂಡೆಯ ಕುರಿ ತಲೆಯೆತ್ತಿ ನೋಡುತ್ತಿತ್ತಂತೆ. ಇದನ್ನು ಹೇಳಿದವಳೂ ಅವಳೇ, ಆದ್ದರಿಂದ ಅರ್ಧ ಕಳೆದು ನಂಬಬೇಕು.

ಹಳೆಯ ಕುರಿಹಾಳ ಹೊಳೆಯ ದಂಡೆಯ ಮೇಲಿತ್ತು. ಡಾಂಬರು ರಸ್ತೆ ಊರಿನ ಕಾಲಬುಡದಲ್ಲೇ ಇದ್ದದ್ದರಿಂದ ಕೈ ಮಾಡಿದರೆ ಯಾವುದಾದರೂ ಬಸ್ಸು ನಿಲ್ಲುತ್ತಿತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಊರನ್ನು ಎತ್ತಿ ಒಳಗಿನ ಮಡ್ಡಿಯ, ಅಂದರೆ ಕಲ್ಲು ದಿಣ್ಣೆಯ, ಮೇಲೆ ಇಟ್ಟರು. ಅಲ್ಲಿಂದ ರಸ್ತೆಗೆ ಏಳು ಕಿಲೋಮೀಟರ್. ಊರು ಎತ್ತುವ ಮೊದಲು ಅಧಿಕಾರಿಯೊಬ್ಬ ಬಂದು ಹೆಂಗಸರನ್ನೆಲ್ಲ ಕೂರಿಸಿ, ಹೊಸ ಊರಿನಲ್ಲಿ ಏನೇನು ಬೇಕು ಎಂದು ಕೇಳಿದನಂತೆ. ಒಬ್ಬಳು ನೀರು ಅಂದಳು, ಒಬ್ಬಳು ಹಿಟ್ಟಿನ ಗಿರಣಿ ಅಂದಳು. ಹಣಮವ್ವ ಎದ್ದು ನಿಂತು ಬಸ್ಸು ಅಂದಳು. ಆತ ನಗುತ್ತ ಬರೆದುಕೊಂಡ. ಎರಡು ವರ್ಷದ ಮೇಲೆ ಊರ ಮುಂದೆ ಸಿಮೆಂಟಿನ ತಂಗುದಾಣ ಎದ್ದು ನಿಂತಿತು. ಮೂರು ಗೋಡೆ, ಒಂದು ಕಟ್ಟೆ, ನೀಲಿ ಅಕ್ಷರದಲ್ಲಿ ‘ಪ್ರಯಾಣಿಕರ ತಂಗುದಾಣ’. ಕಟ್ಟಿದವರು ಒಬ್ಬರು, ಬಸ್ಸು ಬಿಡಬೇಕಾದವರು ಇನ್ನೊಬ್ಬರು. ಬಸ್ಸು ಬರಲೇ ಇಲ್ಲ. ನೆರಳು ಚೆನ್ನಾಗಿದ್ದದ್ದರಿಂದ ಹಣಮವ್ವನ ಕುರಿಮರಿಗಳು ಅಲ್ಲಿ ತಂಗತೊಡಗಿದವು.

ಹೀಗೇ ಐದಾರು ವರ್ಷ ನಡೆದುಹೋಗುತ್ತಿತ್ತೇನೋ. ಆದರೆ ಹಣಮವ್ವನಿಗೆ ಒಬ್ಬನೇ ಮಗ, ಮಾಳಿಂಗರಾಯ. ಅವನಿಗೆ ಇಪ್ಪತ್ತೊಂಬತ್ತಾಯಿತು. ಕಂಬಳಿ ನೇಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ನೋಡಲಿಕ್ಕೂ ಲಕ್ಷಣವಾಗಿದ್ದ. ಆದರೂ ಹೆಣ್ಣು ಕೊಡುವವರಿಲ್ಲ. ಬಂದವರೆಲ್ಲ ಡಾಂಬರು ರಸ್ತೆಯ ಕ್ರಾಸಿನಲ್ಲಿ ಬಸ್ಸಿಳಿದು, ಏಳು ಕಿಲೋಮೀಟರ್ ನಡೆದು, ಬೆವರು ಒರೆಸಿಕೊಳ್ಳುತ್ತ ಚಹಾ ಕುಡಿದು, ಆಮೇಲೆ ಹೇಳಿ ಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಊರಿನಲ್ಲಿ ಅಂಥ ಗಂಡುಗಳು ಹನ್ನೊಂದು ಜನ ಇದ್ದರು. ಸಂಜೆ ಹನ್ನೊಂದೂ ಜನ ತಂಗುದಾಣದ ಕಟ್ಟೆಯ ಮೇಲೆ ಮರಿಗಳ ನಡುವೆ ಕೂರುತ್ತಿದ್ದರು.

ಕೊನೆಗೆ ಬನಹಟ್ಟಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ರೇಷ್ಮಾ. ತಂದೆ ತಾಯಿ ಇಲ್ಲ, ಸೋದರಮಾವನ ಮನೆಯಲ್ಲಿ ಬೆಳೆದವಳು. ಸೀರೆಯ ಅಂಚಿನಲ್ಲಿ ನಕ್ಷೆ ಮೂಡಬೇಕಾದರೆ ಮಗ್ಗಕ್ಕೆ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಕಟ್ಟಬೇಕು. ಆ ತೂತು ಹೊಡೆಯುವ ಕೆಲಸ ಅವಳದು. ಒಂದು ತೂತು ತಪ್ಪಿದರೆ ಅಂಚಿನ ನವಿಲಿಗೆ ಮೂರು ಕಾಲು ಬರುತ್ತವೆ. ಇಡೀ ರಬಕವಿ–ಬನಹಟ್ಟಿಯಲ್ಲಿ ಅವಳು ಹೊಡೆದ ಪಟ್ಟಿಯೆಂದರೆ ಮಗ್ಗದವರು ಕಣ್ಣು ಮುಚ್ಚಿ ಕಟ್ಟಿಕೊಳ್ಳುತ್ತಿದ್ದರಂತೆ. ಹೆಣ್ಣು ನೋಡುವ ದಿನ ಅವಳು ಚಹಾ ಕೊಟ್ಟು, ಚಾಪೆಯ ಮೇಲೆ ಕೂತು, ತಲೆ ತಗ್ಗಿಸದೆ ಕೇಳಿದಳು.

“ನಿಮ್ಮೂರಿಗೆ ಬಸ್ಸಿನ ವ್ಯವಸ್ಥಾ ಹ್ಯಾಂಗೈತ್ರಿ?”

ಮಾಳಿಂಗರಾಯ ಬಾಯಿ ತೆರೆಯುವಷ್ಟರಲ್ಲಿ ಹಣಮವ್ವ ಅಡ್ಡ ಬಂದಳು. “ಬಸ್ ಸ್ಟ್ಯಾಂಡ ಐತಿ ಯವ್ವಾ ನಮ್ಮೂರಾಗ! ಸಿಮೆಂಟಿಂದು! ಊರ ಮುಂದನ ಐತಿ!”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹುಡುಗಿಯ ಮಾವ ಖುಷಿಯಾದ. ರೇಷ್ಮಾ ಮಾತ್ರ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ತೂತು ಎಣಿಸಿ ಬದುಕುವವಳು ಮಾತಿನಲ್ಲಿ ತಪ್ಪಿದ ತೂತನ್ನು ಬಿಟ್ಟಾಳೆಯೇ? ಮುಂದಿನ ಭಾನುವಾರ ಗೆಳತಿಯೊಬ್ಬಳನ್ನು ಕರೆದುಕೊಂಡು, ಯಾರಿಗೂ ಹೇಳದೆ, ಕ್ರಾಸಿನಲ್ಲಿ ಇಳಿದು ಏಳು ಕಿಲೋಮೀಟರ್ ನಡೆದು ಬಂದೇಬಿಟ್ಟಳು. ತಂಗುದಾಣದಲ್ಲಿ ಇಪ್ಪತ್ತು ಕುರಿಮರಿಗಳು ಮೆಲುಕು ಹಾಕುತ್ತ ಮಲಗಿದ್ದವು. ನಡುವೆ ಮಾಳಿಂಗರಾಯ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ.

“ನಿಮ್ಮೂರ ಪ್ರಯಾಣಿಕರು ಭಾಳ ಶಾಂತ ಅದಾರ ನೋಡ್ರಿ,” ಅಂದಳು ರೇಷ್ಮಾ.

ಅವನು ತಲೆಯೆತ್ತಿ ನೋಡಿ, ಮುಖ ಕೆಂಪಾಗಿ, “ಇವರಿಗೆ ಬಸ್ಸು ಬಂದಿಲ್ಲಾ ಅಂತ ಸಿಟ್ಟಿಲ್ರಿ. ಸಿಟ್ಟು ನಮಗಷ್ಟ,” ಅಂದ. ರೇಷ್ಮಾ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ, ಓಡೋಡಿ ಬಂದ ಹಣಮವ್ವನಿಗೆ ನೇರವಾಗಿ ಹೇಳಿದಳು. “ಹುಡುಗ ನನಗ ಪಸಂದ ಅದಾನ. ಖರೆ ನನ್ನ ಕೆಲಸಾ ನಾ ಬಿಡಂಗಿಲ್ಲ. ದಿನಾ ಒಂಬತ್ತೂವರಿಗೆ ಬನಹಟ್ಟ್ಯಾಗ ಇರಬೇಕು. ಬಸ್ ಬಂದ್ರ ನಾ ಬರ್ತೀನಿ. ಯುಗಾದಿ ತನಕ ಕಾಯ್ತೀನಿ. ಆಮ್ಯಾಲ ನಮ್ಮ ಮಾವ ಕೇಳೂದಿಲ್ಲ. ಮುಧೋಳದಾಗ ಒಬ್ಬಾಂವನ್ನ ನೋಡಿ ಇಟ್ಟಾನ.”

ಆ ಮುಧೋಳದ ಹುಡುಗನ ಅಂಗಡಿ ಎಲ್ಲಿತ್ತು ಗೊತ್ತೇ? ಬಸ್ ನಿಲ್ದಾಣದ ಎದುರಿಗೇ! ಇದನ್ನು ಕೇಳಿ ಹಣಮವ್ವ ಅವತ್ತು ರಾತ್ರಿ ರೊಟ್ಟಿ ಮುಟ್ಟಲಿಲ್ಲವಂತೆ. ಮರುದಿನ ಬೆಳಗ್ಗೆ ನನ್ನ ಕಿಟಕಿಯ ಮುಂದೆ ಬಂದು ನಿಂತಳು. ಅದು 2006ರ ನವರಾತ್ರಿ.

ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು. ವಾರಕ್ಕೆ ಎರಡು ಸಲ ಬರುವಳು. ನಾನು ಅರ್ಜಿ ಕೊಡು ಅಂದೆ, ಕೊಟ್ಟಳು. ಪಂಚಾಯತಿಯ ಠರಾವು ತಾ ಅಂದೆ, ತಂದಳು. ಮೇಲಿನ ಸಾಹೇಬರು ಇಲ್ಲ, ನಾಳೆ ಬಾ ಅಂದೆ, ನಾಳೆ ಬಂದಳು. ಬಂದವಳು ಸುಮ್ಮನೆ ನಿಲ್ಲುತ್ತಲೂ ಇರಲಿಲ್ಲ. ಸೊಂಟದಿಂದ ತಕಲಿ ತೆಗೆದು, ಉಡಿಯಲ್ಲಿದ್ದ ಕರಿ ಉಣ್ಣೆ ಎಳೆದು ಎಳೆದು, ನನ್ನ ಮೂಗಿನ ಮುಂದೆಯೇ ನೂಲು ತೆಗೆಯುವಳು. ತಕಲಿ ಗಿರಗಿರ ತಿರುಗುತ್ತಿದ್ದರೆ ನನ್ನ ತಲೆಯೂ ತಿರುಗುತ್ತಿತ್ತು. ಸಿಟ್ಟು ನನಗೆ ಮೊದಲಿನಿಂದ ಮೂಗಿನ ತುದಿಯಲ್ಲೇ.

“ಇದೇನು ನಿಮ್ಮ ಮನೀ ಕಟ್ಟೀ ಏನು?” ಎಂದು ಒಂದು ದಿನ ಕೂಗಿಬಿಟ್ಟೆ.

“ಅಲ್ರಿ ಸಾಹೇಬ್ರ, ನೀವು ನಾಳಿ ಬಾ, ನಾಳಿ ಬಾ ಅನ್ನಾಕತ್ತೀರಿ. ಕೈಗೆ ಕೆಲಸಾ ಬ್ಯಾಡೇನು? ನೀವು ನಿಮ್ಮ ಕೆಲಸಾ ಮಾಡ್ರಿ, ನಾ ನಂದು ಮಾಡ್ತೀನಿ.” ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಕಿಟಕಿ ಮುಚ್ಚಿ ಚಹಾಕ್ಕೆ ಎದ್ದುಹೋದೆ. ತಿರುಗಿ ಬಂದಾಗ ನೂಲಿನ ಉಂಡೆ ಇನ್ನಷ್ಟು ದೊಡ್ಡದಾಗಿತ್ತು.

ಫೆಬ್ರುವರಿಯಲ್ಲಿ ಕೊನೆಗೂ ಮೇಲಿನಿಂದ ಪತ್ರ ಬಂತು. ಒಂದು ದಿನ ಸಮೀಕ್ಷೆ ಮಾಡಬೇಕು. ಬಸ್ಸು ಹೋಗಿ ಬರಬೇಕು, ಕಂಟ್ರೋಲರ್ ಖುದ್ದಾಗಿ ಕೂತು ಎಣಿಸಬೇಕು. ಆ ಊರಿನಲ್ಲಿ ಕನಿಷ್ಠ ಮೂವತ್ತು ಜನ ಹತ್ತಿದರೆ ವಸ್ತಿ ಬಸ್ಸು ಮಂಜೂರು. ಸಂಜೆ ಹೋಗಿ, ರಾತ್ರಿ ಅಲ್ಲೇ ಇದ್ದು, ಬೆಳಗ್ಗೆ ಏಳಕ್ಕೆ ಹೊರಟು, ಜಮಖಂಡಿಯಿಂದ ಇನ್ನೊಂದು ಸಲ ಊರಿಗೆ ಹೋಗಿಬರುವ ಬಸ್ಸು. ದಾರಿ ನೋಡಿಬಂದ ಡ್ರೈವರ್ ಜಕ್ಕಪ್ಪ ಮುಖ ಗಂಟಿಕ್ಕಿದ. ಅವನು ಮುಧೋಳದವನು, ಬಸ್ಸನ್ನು ಮಗಳಂತೆ ನೋಡಿಕೊಳ್ಳುವವನು. “ಎರಡೂ ಕಡೆ ಜಾಲಿ ಬೆಳದೈತ್ರಿ. ನಮ್ಮ ಗಾಡಿ ಮೈ ಎಲ್ಲಾ ಗೀಚತೈತಿ. ತಗ್ಗಂತೂ ಕೇಳಬ್ಯಾಡ್ರಿ,” ಅಂದ.

ಬಸ್ಸು ಬರುತ್ತದೆ, ದಾರಿ ಸರಿಯಿರಬೇಕು ಎಂದಷ್ಟೇ ನಾನು ಹಣಮವ್ವನಿಗೆ ಹೇಳಿ ಕೈ ತೊಳೆದುಕೊಂಡೆ. ಅವಳು ಊರಿಗೆ ಹೋಗಿ ಒಂದೇ ಮಾತು ಹೇಳಿದಳಂತೆ. “ಚಿಕ್ಕಪಡಸಲಗ್ಯಾಗ ರೈತರು ಹೊಳಿಗೇ ಒಡ್ಡು ಕಟ್ಯಾರ. ನಮಗ ನಾಕು ಜಾಲಿ ಕಡ್ಯಾಕ ಆಗೂದಿಲ್ಲೇನು?” ಹನ್ನೊಂದು ಗಂಡುಗಳು ಕೊಡಲಿ ಹಿಡಿದು ಇಳಿದರು. ಬಸ್ಸಿನ ಎತ್ತರದ ಒಂದು ಗಳ ಹಿಡಿದು ಮಾಳಿಂಗರಾಯ ಮುಂದೆ ನಡೆಯುತ್ತಿದ್ದ. ಗಳಕ್ಕೆ ತಾಗಿದ ಟೊಂಗೆಯೆಲ್ಲ ಕೆಳಕ್ಕೆ. ಬಿದ್ದ ಟೊಂಗೆ ಎಳೆದು ಹಾಕುವ ಕೆಲಸವೂ ಬೇಕಾಗಲಿಲ್ಲ, ಊರಿನ ಆಡುಗಳು ಹಿಂದೆ ಹಿಂದೆಯೇ ಮೇಯುತ್ತ ಬಂದವು. ಬಾಡಗಂಡಿಯ ಕಾರ್ಖಾನೆಗೆ ಕಬ್ಬು ಹಾಕಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರುಗಳನ್ನು ಹಣಮವ್ವ ಕ್ರಾಸಿನಲ್ಲಿ ಅಡ್ಡಗಟ್ಟಿ, ಗರಸು ಮಣ್ಣು ತುಂಬಿಸಿ, ತಗ್ಗುಗಳಿಗೆ ಸುರಿಸಿದಳು. ಅವಳ ದನಿಗೆ ಯಾವ ಟ್ರ್ಯಾಕ್ಟರಿನವನಾದರೂ ಬ್ರೇಕು ಒತ್ತಲೇಬೇಕಿತ್ತು. ಎಂಟು ದಿನದಲ್ಲಿ ದಾರಿ ತಯಾರಾಯಿತು. ಜಕ್ಕಪ್ಪ ಎರಡನೇ ಸಲ ನೋಡಿಬಂದು, ಛಲೋ ಆಗೈತಿ ಅಂದ.

ಸಮೀಕ್ಷೆಯ ದಿನ ನಾನು ಹೊಸ ಬಿಳಿ ಅಂಗಿ ಹಾಕಿಕೊಂಡು ಹೋದೆ. ಅದೇ ನನ್ನ ಮೊದಲ ತಪ್ಪು. ಕ್ರಾಸಿಗೆ ಮುಟ್ಟಿದಾಗ ಬೆಳಗಿನ ಎಂಟು. ನೋಡಿದರೆ ಇಡೀ ಊರು ಅಲ್ಲಿ ಬಂದು ನಿಂತಿದೆ! ಮುದುಕರು, ಮಕ್ಕಳು, ಬಾಣಂತಿಯರು, ಎಲ್ಲರೂ. ಹದಿನೆಂಟು ಡೊಳ್ಳು. ಮುಂದೆ ಬೀರೇಶ್ವರನ ಪೂಜಾರಿ ಅಮಸಿದ್ದಪ್ಪ, ಕೈಯಲ್ಲಿ ಭಂಡಾರದ ಚೀಲ. ಭಂಡಾರವೆಂದರೆ ದೇವರಿಗೆ ಎರಚುವ ಅರಿಶಿನದ ಪುಡಿ. ಬಸ್ಸು ನಿಲ್ಲುವುದೇ ತಡ, ಮುಂದಿನ ಗಾಜಿನ ಮೇಲೆ ಮೊದಲ ಹಿಡಿ ಬಿತ್ತು. ಎರಡನೇ ಹಿಡಿ ಬಾಗಿಲಲ್ಲಿ ನಿಂತಿದ್ದ ನನ್ನ ಎದೆಯ ಮೇಲೆ ಬಿತ್ತು. ಡೊಳ್ಳು ಶುರುವಾಯಿತು. ನನ್ನ ಪಕ್ಕೆಲುಬುಗಳು ಅದರ ಜೊತೆ ಬಡಿದುಕೊಳ್ಳತೊಡಗಿದವು.

“ಹತ್ತರ್ರಿ! ಎಲ್ಲಾರೂ ಹತ್ತರ್ರಿ!” ಎಂದು ಕೂಗಿದೆ. ಯಾರೂ ಹತ್ತಲಿಲ್ಲ. ಬದಲಿಗೆ ರಸ್ತೆಯ ಮೇಲೆ ಕಂಬಳಿ ಹಾಸಿದರು. ಅವರಲ್ಲಿ ದೇವರ ಪಲ್ಲಕ್ಕಿ ಊರಿಗೆ ಬರುವಾಗ ಕಂಬಳಿ ಹಾಸುತ್ತಾರೆ. ಬಸ್ಸು ದಾಟಿದ ಕಂಬಳಿಯನ್ನು ಹಿಂದಿನವರು ಎತ್ತಿ, ಓಡಿ ಬಂದು, ಮತ್ತೆ ಮುಂದೆ ಹಾಸುವರು. ಜಕ್ಕಪ್ಪ ಇದನ್ನು ನೋಡಿ, ನಾಲಿಗೆ ಕಚ್ಚಿಕೊಂಡು, ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಬಸ್ಸು ಓಡಿಸಿದ. ಓಡಿಸಿದ ಅನ್ನುವುದು ಸುಳ್ಳು. ಆ ಏಳು ಕಿಲೋಮೀಟರಿಗೆ ಮೂರು ತಾಸು ಹಿಡಿಯಿತು. ಬಸ್ಸಿನಲ್ಲಿ ಇದ್ದವರು ನಾವಿಬ್ಬರೇ. ಹೊರಗೆ ಏಳುನೂರು ಜನ ಕುಣಿಯುತ್ತ ನಡೆಯುತ್ತಿದ್ದರು. ಮುಂಚೂಣಿಯಲ್ಲಿ ಹಣಮವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿರಕಿ ಹೊಡೆಯುತ್ತ! ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾಕೆ ಹತ್ತುವುದಿಲ್ಲ ಎಂದು ಅಮಸಿದ್ದಪ್ಪನನ್ನು ಕೇಳಿದೆ.

“ಅದೆಂಥಾ ಮಾತ್ರಿ ಸಾಹೇಬ್ರ! ದೇವರ ಪಲ್ಲಕ್ಕಿ ಬರೂ ಮುಂದ ಅದರಾಗ ನಾವು ಕುಂದರತೇವೇನು?” ಅಂದ. ಅಂದು ಇನ್ನೊಂದು ಹಿಡಿ ಎರಚಿದ.

ಇರಲಿ, ತಿರುಗಿ ಹೋಗುವಾಗ ಹತ್ತುತ್ತಾರೆ ಎಂದುಕೊಂಡೆ. ಊರು ಮುಟ್ಟಿದಾಗ ತಂಗುದಾಣವನ್ನು ಸಾರಿಸಿ ರಂಗೋಲಿ ಹಾಕಿದ್ದರು. ಮರಿಗಳಿಗೂ ಅರಿಶಿನ ಹಚ್ಚಿದ್ದರು. ಮುತ್ತೈದೆಯರು ಬಸ್ಸಿಗೆ ಆರತಿ ಎತ್ತಿದರು. ಹಣಮವ್ವ ವಿಧವೆ, ಆರತಿ ಹಿಡಿಯಲಿಲ್ಲ. ಆದರೆ ಉಳಿದ ಎಲ್ಲವನ್ನೂ ದೂರ ನಿಂತು ಕೂಗಿ ಕೂಗಿ ಮಾಡಿಸುವವಳು ಅವಳೇ. “ಉಡಿ ತುಂಬ್ರೇ! ಬರೇ ಉಡೀಲೆ ಕಳಸಬ್ಯಾಡ್ರಿ!” ಮನೆಗೆ ಬಂದ ಮುತ್ತೈದೆಯ ಮಡಿಲು ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಕುಪ್ಪಸದ ಬಟ್ಟೆ, ಎಲ್ಲ ತಂದು ಮುಂದಿನ ಸೀಟಿನ ಮೇಲೆ ಇಟ್ಟರು. ಬಸ್ಸಿಗೆ ಉಡಿ ತುಂಬಿದ್ದನ್ನು ನಾನು ನೌಕರಿಯಲ್ಲಿ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

“ಆತಿಲ್ಲೊ? ಈಗರ ಹತ್ತರ್ರಿ!” ಅಂದೆ.

ಹಣಮವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. “ಯಪ್ಪಾ, ಸೊಸಿ ಮನಿಗೆ ಬಂದ ಮೊದಲನೇ ದಿನಾನ ಅಕೀಗೆ ಕೆಲಸಾ ಹಚ್ಚತಾರೇನ್ರಿ? ನಾಳಿಂದ ಹತ್ತತೇವಿ. ಇವತ್ತ ಅಕಿ ಆರಾಮ ಹೋಗಲಿ.”

ನಾಳೆ ಎಂಬುದು ಇಲ್ಲ, ಇವತ್ತು ಎಣಿಸಿದ್ದೇ ಲೆಕ್ಕ ಎಂದು ನಾನು ಅವಳಿಗೆ ಬಿಡಿಸಿ ಹೇಳಬಹುದಿತ್ತು. ಎರಡು ನಿಮಿಷದ ಮಾತು. ಹೇಳಲಿಲ್ಲ. ನನ್ನ ಹೊಸ ಅಂಗಿ ಹಳದಿಯಾಗಿತ್ತು, ಕಿವಿಯಲ್ಲಿ ಡೊಳ್ಳು ಇನ್ನೂ ಬಡಿಯುತ್ತಿತ್ತು, ಹೊಟ್ಟೆ ಹಸಿದಿತ್ತು. ಸಾಯಲಿ ಅತ್ತ ಎಂದು ಮನಸ್ಸಿನಲ್ಲೇ ಅಂದುಕೊಂಡು, ಬಾಗಿಲಲ್ಲಿ ನಿಂತೇ ಕಾಗದ ತೆಗೆದು ಸೊನ್ನೆ ಬರೆದು ಸಹಿ ಹಾಕಿದೆ. ಅವರು ಡೊಳ್ಳು ಬಾರಿಸುತ್ತ ಕ್ರಾಸಿನವರೆಗೆ ನಮ್ಮನ್ನು ಕಳಿಸಿಕೊಟ್ಟರು.

ಹತ್ತು ದಿನಕ್ಕೆ ಉತ್ತರ ಬಂತು. ‘ಪ್ರಯಾಣಿಕರು ಇಲ್ಲದ ಕಾರಣ ಬೇಡಿಕೆಯನ್ನು ತಿರಸ್ಕರಿಸಲಾಗಿದೆ.’ ಯುಗಾದಿಗೆ ಹದಿನಾರು ದಿನ ಉಳಿದಿದ್ದವು.

ಕಿಟಕಿಗೆ ಬಂದ ಹಣಮವ್ವನಿಗೆ ಅದನ್ನು ಓದಿ ಹೇಳಿದೆ. ಜಗಳ ಮಾಡುತ್ತಾಳೆಂದು ತಯಾರಾಗಿ ಕೂತಿದ್ದೆ. ಅವಳು ಸಣ್ಣ ದನಿಯಲ್ಲಿ ಕೇಳಿದಳು. “ಅವತ್ತ ನೀವು ನಮ್ಮನ್ನ ನೋಡಿದ್ರಿ ಹೌದಿಲ್ರಿ?”

“ನೋಡೀನಿ.”

“ಎಷ್ಟ ಮಂದಿ ಇದ್ವಿ?”

“ಏಳುನೂರು ಇರಬೇಕು.”

“ಮತ್ತ ಸೊನ್ನಿ ಹ್ಯಾಂಗ ಬಂತ್ರಿ?”

ನಾನು ಪತ್ರವನ್ನು ಮಡಚಿ ಫೈಲಿನೊಳಗೆ ಇಟ್ಟೆ. ಅವಳು ಕಟ್ಟೆಯಿಂದ ಕೈ ತೆಗೆದಳು. “ಆ ಹುಡುಗಿ ಖರೇನ ಛಲೋ ಇದ್ದಳ್ರಿ,” ಅಂದು ಹೊರಟುಹೋದಳು. ಅವತ್ತು ಅವಳು ತಕಲಿ ತೆಗೆದಿರಲೇ ಇಲ್ಲ. ತಿರುಗದ ತಕಲಿ ಅವಳ ಸೊಂಟದಲ್ಲಿ ಸಿಕ್ಕಿಕೊಂಡಿದ್ದನ್ನು ನೋಡಿ ನನಗೆ ಬಹಳ ಕೆಟ್ಟದೆನಿಸಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಗೆ ಹೋದರೆ ಹೆಂಡತಿ ಸುಹಾಸಿನಿ ಅದೇ ಅಂಗಿಯನ್ನು ಹಿಡಿದು ಕೂತಿದ್ದಳು. ಮೂರು ಸಲ ಒಗೆದರೂ ಅರಿಶಿನ ಬಿಟ್ಟಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವಳು ಡೊಳ್ಳಿಗೂ ನಕ್ಕಳು, ಜಕ್ಕಪ್ಪನ ಚಪ್ಪಲಿಗೂ ನಕ್ಕಳು, ಉಡಿ ತುಂಬಿದ್ದಕ್ಕಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊನ್ನೆಗೆ ಮಾತ್ರ ನಗಲಿಲ್ಲ. “ನಿಮ್ಮ ಕಾಗದಕ್ಕ ಏಳುನೂರು ಮಂದಿ ಕಾಣಲಿಲ್ಲ. ಈ ಅಂಗಿಗೆ ಕಂಡಾರ ನೋಡ್ರಿ,” ಎಂದು ಅದನ್ನು ನನ್ನ ಮಡಿಲಿಗೆ ಎಸೆದಳು.

ಮರುದಿನ ಅದೇ ಅಂಗಿ ಹಾಕಿಕೊಂಡು ಮೇಲಿನ ಸಾಹೇಬರ ಮುಂದೆ ನಿಂತೆ. ಅವರು ಕಾಗದ ನೋಡುವ ಮೊದಲು ನನ್ನ ಎದೆ ನೋಡಿ, “ಪಾಂಡುರಂಗರಾವ್, ಮತ್ತೊಂದು ಮದುವೆಯಾದ್ರೇನು?” ಅಂದರು. ನಾನು ಕಂಬಳಿಯಿಂದ ಹಿಡಿದು ಕುಪ್ಪಸದ ಬಟ್ಟೆಯವರೆಗೆ ಒಂದೂ ಬಿಡದೆ ವರದಿ ಒಪ್ಪಿಸಿದೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ಪಕ್ಕದ ಕೋಣೆಯ ಗುಮಾಸ್ತರು ಬಂದು ಬಗ್ಗಿ ನೋಡಿದರು. ಕೊನೆಗೆ ಸಾಹೇಬರು ಕಣ್ಣೊರೆಸಿಕೊಂಡು ಬರೆದರು: ಯುಗಾದಿಯ ಮುಂಚಿನ ದಿನ ಇನ್ನೊಂದು ಸಮೀಕ್ಷೆ, ಇದೇ ಕೊನೆಯದು.

ಈ ಸಲ ನಾನೇ ಸೈಕಲ್ ಮೋಟಾರು ಹತ್ತಿ ಕುರಿಹಾಳಕ್ಕೆ ಹೋದೆ. ತಂಗುದಾಣದ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಬಿಡಿಸಿ ಹೇಳಿದೆ. ಡೊಳ್ಳು ಬೇಡ, ಭಂಡಾರ ಬೇಡ, ಕಂಬಳಿ ಬೇಡ. ಬಸ್ಸು ದೇವರೂ ಅಲ್ಲ, ಸೊಸೆಯೂ ಅಲ್ಲ. ಹತ್ತಬೇಕು, ಟಿಕೇಟು ತೆಗೆದುಕೊಳ್ಳಬೇಕು, ಕೂರಬೇಕು. ನಾನು ಎಣಿಸುವ ತನಕ ಯಾರೂ ಏಳಬಾರದು. “ಕೂಡ್ರಬೇಕು! ತಿಳೀತಿಲ್ಲೊ? ಏಳಬಾರದು!” ಎಂದು ಮೂರು ಸಲ ಕೂಗಿ ಹೇಳಿದೆ.

ತಿಳಿಯಿತು. ಬಹಳ ಚೆನ್ನಾಗಿ ತಿಳಿಯಿತು. ಸಮೀಕ್ಷೆಯ ದಿನ ಬಸ್ಸು ಊರು ಮುಟ್ಟಿದಾಗ ಒಂದು ನಾಯಿಯೂ ಬೊಗಳಲಿಲ್ಲ. ಸಾಲಾಗಿ ನಿಂತಿದ್ದರು, ಎಲ್ಲರೂ ಒಗೆದ ಬಟ್ಟೆಯಲ್ಲಿ, ತುಟಿ ಬಿಗಿದುಕೊಂಡು. ಜಕ್ಕಪ್ಪ ಬಾಗಿಲು ತೆರೆದದ್ದೇ ಹರಿದು ಬಂದರು. ಸೀಟು ತುಂಬಿದವು. ಆಮೇಲೆ ಬಂದವರು, ನಾನು ಕೂರಲಿಕ್ಕೆ ಹೇಳಿದ್ದೇನೆಂದು, ನಡುವಿನ ದಾರಿಯಲ್ಲಿ ಕೂತರು. ಅದೂ ತುಂಬಿದ ಮೇಲೆ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತರು. ಹನ್ನೊಂದು ಗಂಡುಗಳು ಹಿಂದಿನ ಒಂದೇ ಸೀಟಿನ ಮೇಲೆ. ನಿಂತವರು ಒಬ್ಬರೂ ಇಲ್ಲ! ಕಂಡಕ್ಟರ್ ಮುರಗೆಪ್ಪ ಕಾಲಿಡಲು ಜಾಗ ಸಾಲದೆ ಟಿಕೇಟುಗಳನ್ನು ಕಿಟಕಿಗಳಿಂದ ಹಂಚಿದ.

ಹಣಮವ್ವ ಮಾತ್ರ ಕೆಳಗೆ ನಿಂತಿದ್ದಳು. ನೀನೂ ಹತ್ತು ಅಂದರೆ ತಲೆಯಲ್ಲಾಡಿಸಿದಳು. “ಈ ಬಸ್ಸಿನಿಂದ ಮೊದಲ ನನ್ನ ಸೊಸಿ ಇಳೀಬೇಕ್ರಿ. ಆಮ್ಯಾಲ ನಾ ಹತ್ತೂದು. ಬೀರಪ್ಪಗ ಬೇಡಿಕೊಂಡೇನಿ.”

ಜಮಖಂಡಿ ಮುಟ್ಟಿದೆವು. ನಿಲ್ದಾಣದಲ್ಲಿ ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. “ಇಳೀರಿ, ಊರು ಬಂತು!” ಎಂದು ಮುರಗೆಪ್ಪ ಕೂಗಿದ. ಎಲ್ಲರೂ ಅಮಸಿದ್ದಪ್ಪನ ಮುಖ ನೋಡಿದರು. ಇಬ್ಬರು ಮೊಮ್ಮಕ್ಕಳನ್ನೂ ಒಂದು ಕುಂಬಳಕಾಯಿಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ಅಮಸಿದ್ದಪ್ಪ ಹೇಳಿದ. “ಮೊದಲ ನೀವು ಬರಕೋರಿ ಸಾಹೇಬ್ರ. ಬರದು ಓದಿ ಹೇಳ್ರಿ. ಅಲ್ಲೀ ತನಕ ಯಾರೂ ಏಳಬ್ಯಾಡ್ರೆಪಾ.” ಹಿಂದೆ ಬನಹಟ್ಟಿ ಬಸ್ಸು ಹಾರ್ನು ಹೊಡೆಯುತ್ತಿತ್ತು, ಬೀಳಗಿ ಬಸ್ಸಿನವನು ಇಳಿದು ಬಂದು ಬೈಯುತ್ತಿದ್ದ. ನಾನು ಬಾಗಿಲಿನ ಮೆಟ್ಟಿಲ ಮೇಲೆ ನಿಂತು ಒಂದೊಂದೇ ತಲೆ ಎಣಿಸಿದೆ. ಬರೆದೆ. ಗಂಟಲು ಸರಿಮಾಡಿಕೊಂಡು ಓದಿದೆ: “ಹತ್ತಿದ ಪ್ರಯಾಣಿಕರು, ನೂರಾ ನಾಲ್ಕು!”

ಬಸ್ಸಿನೊಳಗೆ ಎದ್ದ ಕೂಗಿಗೆ ನಿಲ್ದಾಣದ ಪಾರಿವಾಳಗಳೆಲ್ಲ ಹಾರಿಹೋದವು. ಯಾರದೋ ಉಡಿಯಲ್ಲಿ ಬಚ್ಚಿಟ್ಟಿದ್ದ ಭಂಡಾರ ಹೊರಗೆ ಬಂತು. ನಾನು ಅವತ್ತು ಹಳದಿ ಅಂಗಿಯನ್ನೇ ಹಾಕಿಕೊಂಡು ಹೋಗಿದ್ದೆ, ಆದ್ದರಿಂದ ನಷ್ಟವೇನೂ ಆಗಲಿಲ್ಲ. ಮಾಳಿಂಗರಾಯ ಮಾತ್ರ ಕೂಗಲಿಲ್ಲ. ಉಳಿದ ಹತ್ತು ಗಂಡುಗಳ ಅಡಿಯಿಂದ ಬಿಡಿಸಿಕೊಂಡು, ಬಾಯಿಬಡುಕ ಹಾರ್ನಿನ ಆ ಬನಹಟ್ಟಿ ಬಸ್ಸಿಗೇ ಓಡಿ ಹತ್ತಿದ. ರೇಷ್ಮಾಗೆ ಸುದ್ದಿ ಮುಟ್ಟಿಸಬೇಕಿತ್ತಲ್ಲ.

ವೈಶಾಖದಲ್ಲಿ ಮದುವೆ. ಮದುಮಗಳು ಅದೇ ಬಸ್ಸಿನಲ್ಲಿ ಬಂದು ತಂಗುದಾಣದ ಮುಂದೆ ಇಳಿದಳು. ನನಗೂ ಸುಹಾಸಿನಿಗೂ ಮೊದಲ ಸಾಲಿನಲ್ಲಿ ಜಾಗ. ಮದುಮಕ್ಕಳು ಕೂತ ಕರಿ ಕಂಬಳಿ ಎಷ್ಟು ದೊಡ್ಡದಿತ್ತೆಂದರೆ ಅವರಿಬ್ಬರ ಸುತ್ತ ಇನ್ನೂ ಹತ್ತು ಜನ ಕೂರಬಹುದಿತ್ತು. ನೇ‌ಯ್ಗೆ ಬಹಳ ಚೆನ್ನಾಗಿದೆ ಎಂದೆ. ಹಣಮವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಹುಡುಗ ನೇದಾನ್ರಿ. ನೂಲು ನಿಮ್ಮ ಕಿಟಕಿ ಮುಂದಿಂದು. ನೀವು ಲಗೂ ಬಸ್ ಕೊಟ್ಟಿದ್ರ ಈ ಕಂಬಳಿ ಮೊಳಕಾಲಿಗೂ ಸಾಲತಿದ್ದಿಲ್ಲ.”

ಸುಹಾಸಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಆ ಕಂಬಳಿಯನ್ನು ಇನ್ನೊಮ್ಮೆ ನೋಡಿದೆ. ಎಷ್ಟು ಸಲ ‘ನಾಳೆ ಬಾ’ ಅಂದಿದ್ದೆನೋ, ಅಷ್ಟೂ ಅಲ್ಲಿ ಹಾಸಿ ಬಿದ್ದಿತ್ತು. ನಾಚಿಕೆಯೂ ಆಯಿತು, ನಗುವೂ ಬಂತು. ಎರಡೂ ಒಟ್ಟಿಗೇ ಬಂದದ್ದರಿಂದ ಕೆಮ್ಮಿದೆ.

ಮದುವೆಯಾಗಿ ಐದನೇ ದಿನ ರೇಷ್ಮಾ ಕೆಲಸಕ್ಕೆ ಹೊರಟಳು. ಎಂಟೂಕಾಲಿಗೆ ಕುರಿಹಾಳದ ಬಸ್ಸು ಜಮಖಂಡಿಗೆ ಬಂತು. ಹಸಿರು ಬಳೆಯ ಕೈಯಲ್ಲಿ ಬುತ್ತಿ ಹಿಡಿದ ಹುಡುಗಿ ಇಳಿದು, ನನಗೆ ನಮಸ್ಕಾರ ಹೇಳಿ, ಬನಹಟ್ಟಿ ಬಸ್ಸಿನತ್ತ ಓಡಿದಳು. ಎಲ್ಲರೂ ಇಳಿದ ಮೇಲೂ ಮುಂದಿನ ಸೀಟಿನಲ್ಲಿ ಒಬ್ಬಳು ಕೂತೇ ಇದ್ದಳು. ಹಿಂದೆ ಬಸ್ಸಿಗೆ ಉಡಿ ತುಂಬಿ ಅಕ್ಕಿ ಇಟ್ಟಿದ್ದರಲ್ಲ, ಅದೇ ಸೀಟು. ಹಣಮವ್ವ, ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಕಲಿ ಇರಲಿಲ್ಲ.

ನಾನು ಒಳಗೆ ಹತ್ತಿದೆ. “ಇಳಿಯಂಗಿಲ್ಲೇನು ಹಣಮವ್ವ? ಎಲ್ಲಿಗೆ ಹೊಂಟೀರಿ?”

“ಎಲ್ಲಿಗೂ ಇಲ್ರಿ. ಇದು ತಿರಗಿ ಹೊಂಟ ಮ್ಯಾಲ ಮನಿಗೆ. ಕೂಡಾಕ ಬಂದೇನಿ, ಅಷ್ಟ.” ಆಮೇಲೆ ನನ್ನತ್ತ ತಿರುಗಿ ಕೇಳಿದಳು. “ಸಾಹೇಬ್ರ, ಆ ಸೊನ್ನಿ ಇನ್ನೂ ನಿಮ್ಮ ಕಾಗದದಾಗ ಐತೇನ್ರಿ?”

ಐತಿ ಅಂದೆ. ಹರಿದು ಹಾಕಲೇ ಎಂದು ಕೇಳಬೇಕೆನಿಸಿತು.

“ಇರಲಿ ಬಿಡ್ರಿ. ಖರೇನ ಐತಲ್ಲ. ಅವತ್ತ ಯಾರೂ ಕುಂತಿದ್ದಿಲ್ಲ,” ಅಂದು ಕಿಟಕಿಯ ಕಡೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು. “ಕೂಡ್ರಿ.”

ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಹೊರಗೆ ನನ್ನ ಕಿಟಕಿಯ ಮುಂದೆ ಜನ ಸಾಲಾಗಿ ನಿಂತಿದ್ದರು. ನಾನು ಕೂತೆ.